ಹನ್ನೆರಡು ಅಡಿಯ ಚೌಕಟ್ಟು, ಕೂದಲೆಳೆಯ ಅಂತರ

1981ರ ಜೂನ್ 19ರಂದು ಬಾಹ್ಯಾಕಾಶಕ್ಕೆ ಹಾರಿದ ‘ಆಪಲ್’ ನಮ್ಮ ದೇಶದ ಮೊದಲ ಪ್ರಾಯೋಗಿಕ ಭೂಸ್ಥಿರ ಸಂಪರ್ಕ ಉಪಗ್ರಹ. ಹಾರುವ ಮುನ್ನ ಅದು ಬೆಂಗಳೂರಿನಲ್ಲಿ ಎತ್ತಿನ ಗಾಡಿ ಏರಿತ್ತು. ಆ ಫೋಟೊ ನೋಡಿದ ಎಷ್ಟೋ ಮಂದಿ ಬಡ ದೇಶದ ಪರದಾಟ ಎಂದುಕೊಂಡರು. ನಿಜವಾದ ಕಾರಣ ಬೇರೆಯೇ ಇತ್ತು. ಉಪಗ್ರಹದ ಆಂಟೆನಾವನ್ನು ಬಯಲಿನಲ್ಲಿ ಪರೀಕ್ಷಿಸಬೇಕಿತ್ತು. ಅಕ್ಕಪಕ್ಕ ಲೋಹ ಇದ್ದರೆ ರೇಡಿಯೊ ಅಲೆಗಳು ಅದಕ್ಕೆ ಬಡಿದು ವಾಪಸು ಬಂದು ಅಳತೆಯನ್ನೇ ಕೆಡಿಸುತ್ತವೆ. ಲಾರಿಯ ತುಂಬ ಕಬ್ಬಿಣ. ಹಾಗಾಗಿ ಮರದ ಗಾಡಿಯೇ ವಾಸಿ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು.

ಯಾವ ಯಂತ್ರವನ್ನೇ ಆಗಲಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಈ ಗಾಡಿಯಲ್ಲೇ ಇದೆ: ಇದರಲ್ಲಿ ಕೆಡಬಾರದ್ದು ಯಾವುದು? ಗಾಡಿ, ಹಗ್ಗ, ಆಳು, ಹೊತ್ತು ಎಲ್ಲವೂ ಆ ಉತ್ತರವನ್ನು ನೋಡಿಕೊಂಡು ತೀರ್ಮಾನವಾಗಬೇಕು. ನಾವು ಸಾಮಾನ್ಯವಾಗಿ ಕೇಳುವುದು ಮಾತ್ರ ‘ಎಷ್ಟು ಭಾರ ಇದೆ?’ ಎಂದು.

ಈ ಅಧ್ಯಾಯಕ್ಕೆ ಒಂದು ಲಾಂಗ್‌ಆರ್ಮ್ ಕ್ವಿಲ್ಟಿಂಗ್ ಯಂತ್ರವನ್ನು, ಅಂದರೆ ಕೌದಿ ಹೊಲಿಯುವ ದೊಡ್ಡ ಯಂತ್ರವನ್ನು, ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಶಿವಮೊಗ್ಗದ ಒಂದು ಹೊಲಿಗೆ ಅಂಗಡಿಯಿಂದ ಭದ್ರಾವತಿ ದಾಟಿ ಶಂಕರಘಟ್ಟದ ಒಂದು ಮನೆಗೆ ಹೋಗಬೇಕಾಗಿದೆ ಎಂದುಕೊಳ್ಳಿ. ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ ಇರುವ ಊರು ಅದು. ಪಕ್ಕದಲ್ಲೇ ಭದ್ರಾ ಜಲಾಶಯ. ದಾರಿ ದೂರದ್ದಲ್ಲ. ಆದರೆ ಹೆದ್ದಾರಿ, ಊರೊಳಗಿನ ಹಂಪು, ಮಳೆಗಾಲದ ಗುಂಡಿ, ಕೊನೆಗೊಂದು ಹೊಸ್ತಿಲು ಎಲ್ಲವೂ ಸಿಗುತ್ತವೆ. ನಮ್ಮ ಪಾಠಕ್ಕೆ ಅಷ್ಟು ಸಾಕು.

ಬಟ್ಟೆ ನಿಲ್ಲುತ್ತದೆ, ಯಂತ್ರ ಓಡುತ್ತದೆ

ಕೌದಿ ನಮಗೆ ಗೊತ್ತಿರುವ ವಸ್ತು. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತ ಹೋಗುವುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿಗಳು ಈಗ ವಿದೇಶದ ಪ್ರದರ್ಶನಗಳನ್ನೂ ಕಂಡಿವೆ. ಇದಕ್ಕೆ ಬೇಕಾದದ್ದು ಸೂಜಿ, ದಾರ ಮತ್ತು ಒಂದಷ್ಟು ನೆಲ. ಮನೆ ಬದಲಾಯಿಸಿದರೆ ಸೂಜಿ ಡಬ್ಬಿ ಎತ್ತಿಕೊಂಡು ಹೊರಟರಾಯಿತು.

ಅಮೆರಿಕದಲ್ಲಿ ಇದೇ ಕೆಲಸ ದೊಡ್ಡ ಹವ್ಯಾಸವೂ ಉದ್ಯಮವೂ ಆಗಿ ಬೆಳೆದು, ಅದಕ್ಕೆಂದೇ ಲಾಂಗ್‌ಆರ್ಮ್ ಎಂಬ ಯಂತ್ರ ಹುಟ್ಟಿತು. ಮನೆಯ ಹೊಲಿಗೆ ಯಂತ್ರದಲ್ಲಿ ಯಂತ್ರ ಕೂತಲ್ಲೇ ಇರುತ್ತದೆ, ಬಟ್ಟೆ ಸರಿಯುತ್ತದೆ. ಲಾಂಗ್‌ಆರ್ಮ್‌ನಲ್ಲಿ ಇದು ತಿರುವುಮುರುವು. 10ರಿಂದ 14 ಅಡಿ ಉದ್ದದ ಚೌಕಟ್ಟಿನಲ್ಲಿ ಉದ್ದನೆಯ ಕೊಳವೆಗಳಿಗೆ ಬಟ್ಟೆಯನ್ನು ಸುತ್ತಿ ಬಿಗಿದಿರುತ್ತಾರೆ. ಹೊಲಿಯುವ ತಲೆ ಎರಡು ಜೋಡಿ ಹಳಿಗಳ ಮೇಲೆ ಗಾಲಿ ಹಾಕಿಕೊಂಡು ಓಡಾಡುತ್ತದೆ. ಒಂದು ಜೋಡಿ ಎಡ–ಬಲಕ್ಕೆ, ಇನ್ನೊಂದು ಹಿಂದೆ–ಮುಂದಕ್ಕೆ. ತಲೆಯ ತೋಳು ಉದ್ದ; ಸೂಜಿಗೂ ಹಿಂದಿನ ಕಂಬಕ್ಕೂ ನಡುವೆ ಒಂದೂವರೆ ಅಡಿಯಿಂದ ಎರಡೂವರೆ ಅಡಿ ಜಾಗ ಇರುತ್ತದೆ. ಮಾದರಿಗೆ ತಕ್ಕಂತೆ ತಲೆಯ ತೂಕ 20ರಿಂದ 50 ಕಿಲೋ ಆಸುಪಾಸು. ಲೆಕ್ಕಕ್ಕೆ ನಮ್ಮದನ್ನು 35 ಕಿಲೋ ಎಂದೂ, ಚೌಕಟ್ಟನ್ನು 12 ಅಡಿ ಉದ್ದ, 75 ಸೆಂಟಿಮೀಟರ್ ಅಗಲ, 90 ಕಿಲೋ ತೂಕ ಎಂದೂ ಇಟ್ಟುಕೊಳ್ಳೋಣ.

ಇನ್ನು ಸೂಜಿಯ ಹತ್ತಿರ ಬನ್ನಿ. ಸೂಜಿ ಕೆಳಗಿಳಿದು ತುದಿ ಮುಟ್ಟಿ, ಮತ್ತೆ ಮೇಲೇಳಲು ಶುರು ಮಾಡುತ್ತದೆ. ಎರಡು–ಎರಡೂವರೆ ಮಿಲಿಮೀಟರ್ ಎದ್ದಾಗ ಬಟ್ಟೆಯಲ್ಲಿ ಸಿಕ್ಕಿಕೊಂಡ ದಾರ ಸೂಜಿಯ ಬೆನ್ನಿಗೆ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಸರಿಯಾಗಿ ಆ ಹೊತ್ತಿಗೆ ಕೆಳಗೆ ತಿರುಗುತ್ತಿರುವ ಕೊಕ್ಕೆಯ ಮೂತಿ ಬಂದು ಕುಣಿಕೆಯೊಳಗೆ ನುಗ್ಗಿ ದಾರವನ್ನು ಎಳೆದುಕೊಂಡು ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಕೊಕ್ಕೆಗೂ ಸೂಜಿಗೂ ನಡುವೆ ಬಿಡುವ ಜಾಗ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ. ತಾಗಿದರೆ ಸೂಜಿ ಮುರಿಯುತ್ತದೆ, ದೂರವಾದರೆ ಹೊಲಿಗೆ ತಪ್ಪುತ್ತದೆ. ನಿಮಿಷಕ್ಕೆ 1,800 ಹೊಲಿಗೆ ಎಂದರೆ ಸೆಕೆಂಡಿಗೆ 30 ಬಾರಿ ಈ ಭೇಟಿ ನಡೆಯಬೇಕು.

ಒಂದು ಕಡೆ 12 ಅಡಿಯ ಚೌಕಟ್ಟು, ಇನ್ನೊಂದು ಕಡೆ ಕೂದಲೆಳೆಯ ಅಂತರ. ಈ ಎರಡರ ನಡುವಿನ ಒಪ್ಪಂದವೇ ಆ ಯಂತ್ರ. ಲಗೇಜಿನವರ ಕಣ್ಣಿಗೆ ಬೀಳುವುದು 125 ಕಿಲೋ ಕಬ್ಬಿಣ ಮತ್ತು ಅಲ್ಯೂಮಿನಿಯಂ. ನಾವು ಶಂಕರಘಟ್ಟಕ್ಕೆ ಮುಟ್ಟಿಸಬೇಕಾದದ್ದು ಒಂದು ಅಳತೆಯನ್ನು.

ಭಾರ ಸಾಗಿಸುವುದು ಕನ್ನಡನಾಡಿಗೆ ಹೊಸದೇನಲ್ಲ. ಕಾರ್ಕಳದಲ್ಲಿ ರೆಂಜಾಳ ಗೋಪಾಲ ಶೆಣೈ ಅವರು ಕೆತ್ತಿದ 39 ಅಡಿಯ ಬಾಹುಬಲಿ ಮೂರ್ತಿ 1973ರಲ್ಲಿ ಹಲವು ಗಾಲಿಗಳ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಹೋಯಿತು, 1982ರಲ್ಲಿ ಪ್ರತಿಷ್ಠಾಪನೆಯಾಯಿತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಗೂ, ಆಮೇಲಿನ ಕಾಗದದ ಕಾರ್ಖಾನೆಗೂ ಬಂದ ಯಂತ್ರಗಳೇನು ಕಡಿಮೆ ತೂಕದವಲ್ಲ. ಆದರೆ ಏಕಶಿಲೆಗೆ ಒಂದು ಅನುಕೂಲವಿದೆ: ಅದರಲ್ಲಿ ಸಡಿಲವಾಗಲು ಸ್ಕ್ರೂ ಇಲ್ಲ. ನೂರು ಟನ್ನಿಗೂ ಮಿಕ್ಕಿದ ಕಲ್ಲಿಗಿಲ್ಲದ ಕಷ್ಟ ನಮ್ಮ 125 ಕಿಲೋ ಯಂತ್ರಕ್ಕೆ ಇದೆ.

ಬಿಚ್ಚುವ ಮುನ್ನ

ಸ್ಪ್ಯಾನರ್ ಹಿಡಿಯುವ ಮೊದಲು ಟೇಪು, ಪೆನ್ನು ಹಿಡಿಯಬೇಕು. ಪ್ರಯೋಗಾಲಯದಲ್ಲಿ ಯಾವ ಪ್ರಯೋಗಕ್ಕೂ ಮುನ್ನ ಮೂಲಸ್ಥಿತಿಯನ್ನು ದಾಖಲಿಸುತ್ತಾರೆ. ಆಮೇಲಾದ ಬದಲಾವಣೆ ಗೊತ್ತಾಗುವುದು ಅದರ ಜೊತೆ ಹೋಲಿಸಿದಾಗ ಮಾತ್ರ. ಇಲ್ಲೂ ಹಾಗೆಯೇ.

ಯಂತ್ರ ನಿಂತಲ್ಲೇ ಒಂದು ತುಂಡು ಬಟ್ಟೆಯ ಮೇಲೆ ನೇರ ಗೆರೆ, ಅಡ್ಡ ಗೆರೆ, ಒಂದು ವೃತ್ತ, ಒಂದು ಎಂಟರ ಆಕಾರ ಹೊಲಿದು ಇಟ್ಟುಕೊಳ್ಳಿ. ಯಾವ ದಾರ, ಯಾವ ನಂಬರಿನ ಸೂಜಿ, ವೇಗ ಎಷ್ಟು ಎಂಬುದನ್ನು ಅದರ ಮೇಲೇ ಬರೆಯಿರಿ. ಹೊಸ ಮನೆಯಲ್ಲಿ ಇದೇ ಬಟ್ಟೆ, ಇದೇ ದಾರದಲ್ಲಿ ಮತ್ತೆ ಹೊಲಿದು ಎರಡನ್ನೂ ಹಿಂದೆ–ಮುಂದೆ ತಿರುಗಿಸಿ ನೋಡಿದರೆ ಯಂತ್ರ ಸರಿಯಿದೆಯೋ ಇಲ್ಲವೋ ಎಂಬ ವಾದಕ್ಕೆ ಜಾಗವೇ ಇರುವುದಿಲ್ಲ.

ಎರಡನೆಯದು, ಚೌಕಟ್ಟಿನ ಕರ್ಣ. ಎದುರುಬದುರು ಮೂಲೆಗಳ ನಡುವಿನ ಅಂತರವನ್ನು ಎರಡೂ ದಿಕ್ಕಿನಲ್ಲಿ ಅಳೆದು ಬರೆದಿಡಿ. ನಾಲ್ಕು ಬದಿ ಸರಿಯಿದ್ದ ಮಾತ್ರಕ್ಕೆ ಆಯತ ಆಗುವುದಿಲ್ಲ. ಮೂಲೆಗಳು ವಾಲಿದ್ದರೂ ಬದಿಗಳ ಉದ್ದ ಹಾಗೇ ಇರುತ್ತದೆ. ಕರ್ಣ ಮಾತ್ರ ಸುಳ್ಳು ಹೇಳುವುದಿಲ್ಲ. 366 ಸೆಂಟಿಮೀಟರ್ ಉದ್ದ, 75 ಸೆಂಟಿಮೀಟರ್ ಅಗಲದ ಆಯತದ ಕರ್ಣ 373.6 ಸೆಂಟಿಮೀಟರ್. ಹಿಂದಿನ ಹಳಿ ಮುಂದಿನದಕ್ಕಿಂತ ಒಂದೇ ಒಂದು ಸೆಂಟಿಮೀಟರ್ ಪಕ್ಕಕ್ಕೆ ಜರುಗಿದರೆ ಒಂದು ಕರ್ಣ 374.6 ಆಗುತ್ತದೆ, ಇನ್ನೊಂದು 372.6ಕ್ಕೆ ಇಳಿಯುತ್ತದೆ. ತಪ್ಪು ಒಂದು ಸೆಂಟಿಮೀಟರ್, ಟೇಪಿನಲ್ಲಿ ಕಾಣುವುದು ಎರಡು. ತಪ್ಪನ್ನು ದುಪ್ಪಟ್ಟು ಮಾಡಿ ತೋರಿಸುವ ಅಳತೆ ಪುಕ್ಕಟೆ ಸಿಕ್ಕುವಾಗ ಬಿಡಬಾರದು.

ಮೂರನೆಯದು ಎಲ್ಲರಿಗೂ ಗೊತ್ತಿರುವಂಥದ್ದು: ಪ್ರತಿ ಜೋಡಣೆಯ ಫೋಟೊ, ಪ್ರತಿ ತುಂಡಿಗೂ ಮಾರ್ಕರಿನಲ್ಲಿ ನಂಬರು, ಆಯಾ ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಆಯಾ ತುಂಡಿಗೇ ಕಟ್ಟುವುದು. ಒಂದೇ ನೋಟಕ್ಕೆ ಒಂದೇ ಥರ ಕಾಣುವ ಎರಡು ಬೋಲ್ಟುಗಳಲ್ಲಿ ಒಂದು ಐದು ಮಿಲಿಮೀಟರ್ ಉದ್ದವಿದ್ದು, ಹಳಿಯ ಕೆಳಗೆ ತೂರಿ ಗಾಲಿಗೆ ಅಡ್ಡ ಬರುವುದುಂಟು.

ಮೊದಲು ಇಳಿಯಬೇಕಾದದ್ದು ತಲೆ

‘ಸ್ವಲ್ಪ ದೂರ ತಾನೆ, ತಲೆ ಸಮೇತ ತಳ್ಳಿಬಿಡೋಣ’ ಎನ್ನುವವರು ಇದ್ದೇ ಇರುತ್ತಾರೆ. ಅಲ್ಲಿರುವ ಅಪಾಯ ಇದು. ನೆಲದಿಂದ ಚೌಕಟ್ಟಿನ ಗುರುತ್ವಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿ, ತಲೆಯದು 110ರಲ್ಲಿ ಇದ್ದರೆ ಎರಡೂ ಸೇರಿ 81 ಸೆಂಟಿಮೀಟರಿಗೆ ಬರುತ್ತದೆ. ತಲೆ ನಟ್ಟನಡುವೆ ಇದ್ದಾಗ ಇಡೀ ಜೋಡಣೆ ಸುಮಾರು 25 ಡಿಗ್ರಿ ವಾಲಿದರೆ ಮಗುಚುತ್ತದೆ. ತಲೆ ಅಂಚಿನ ಕಡೆಗೆ 30 ಸೆಂಟಿಮೀಟರ್ ಸರಿದಿದ್ದರೆ 20 ಡಿಗ್ರಿ ಸಾಕು. ಕೇಳಿದರೆ 20 ಡಿಗ್ರಿ ಬಹಳ ಅನ್ನಿಸುತ್ತದೆ. ಆದರೆ ತಲೆ ಕೂತಿರುವುದು ಗಾಲಿಗಳ ಮೇಲೆ. ಚೌಕಟ್ಟು ಹೊಸ್ತಿಲಿಗೆ ಎಡವಿ ತುಸು ವಾಲಿದೊಡನೆ ತಲೆ ತಗ್ಗಿನ ಕಡೆಗೇ ಓಡುತ್ತದೆ. ಓಡಿದ್ದರಿಂದ ಇನ್ನಷ್ಟು ವಾಲುತ್ತದೆ. ವಾಲಿದ್ದರಿಂದ ಇನ್ನಷ್ಟು ಓಡುತ್ತದೆ. ತಾನೇ ತನ್ನನ್ನು ಹೆಚ್ಚಿಸಿಕೊಳ್ಳುವ ಇಂಥ ಸರಪಳಿಯನ್ನು ಕೈಯಿಂದ ತಡೆಯಲು ಹೋದವರ ಬೆರಳು ಹಳಿಗೂ ಗಾಲಿಗೂ ನಡುವೆ ಸಿಗುತ್ತದೆ.

ಹಾಗಾಗಿ ವಿದ್ಯುತ್ ತಂತಿ ಕಳಚಿದ ಮೇಲೆ ಮೊದಲ ಕೆಲಸ ತಲೆ ಇಳಿಸುವುದು. ಅದಕ್ಕೂ ಮುನ್ನ ಸೂಜಿ ತೆಗೆಯಿರಿ, ಬಾಬಿನ್ ಕೇಸ್ ತೆಗೆಯಿರಿ, ದಾರದ ಉಂಡೆಗಳನ್ನು ಇಳಿಸಿ, ಸೂಜಿತಟ್ಟೆಯ ಮೇಲೆ ಮಡಿಸಿದ ಬಟ್ಟೆಯಿಟ್ಟು ಪಾದವನ್ನು ಅದರ ಮೇಲೆ ಇಳಿಸಿ. ಡಿಸ್‌ಪ್ಲೇ ಪರದೆ ಇದ್ದರೆ ಅದನ್ನೂ ಕಳಚಿ ಬೇರೆ ಪೆಟ್ಟಿಗೆಗೆ ಹಾಕಿ. ಎತ್ತುವಾಗ ಕೈ ಇರಬೇಕಾದದ್ದು ಎರಕದ ಮೈಯ ತಳದಲ್ಲಿ. ಮುಂದಿನ ಹಿಡಿಕೆಗಳು ನಡೆಸಲು ಇರುವವು, ಎತ್ತಲು ಅಲ್ಲ. ಕೈಚಕ್ರವನ್ನು ಹಿಡಿದು ಎತ್ತಿದರೆ ಸೂಜಿ–ಕೊಕ್ಕೆಯ ಹೊಂದಾಣಿಕೆಗೆ ಸೇರಿದ ದಂಡದ ಮೇಲೆಯೇ ಭಾರ ಹಾಕಿದಂತೆ.

ಇನ್ನು ಎತ್ತುವವರ ಬೆನ್ನು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಯಾಶ್, ಭಾರ ಎತ್ತುವುದಕ್ಕೆ ಒಂದು ಸೂತ್ರ ಕೊಟ್ಟಿದೆ. ಅದರ ಪ್ರಕಾರ ಎಲ್ಲ ಅನುಕೂಲವೂ ಇದ್ದಾಗ, ಅಂದರೆ ವಸ್ತು ಮೈಗೆ ಹತ್ತಿರ, ಸೊಂಟ ತಿರುಚದೆ, ಒಳ್ಳೆಯ ಹಿಡಿತದಲ್ಲಿ ಇರುವಾಗ, ಒಬ್ಬರಿಗೆ ಹೇಳಬಹುದಾದ ಗರಿಷ್ಠ ಮಿತಿ 23 ಕಿಲೋ. ನಮ್ಮ ತಲೆ 35 ಕಿಲೋ. ಸಾಲದ್ದಕ್ಕೆ ಚೌಕಟ್ಟಿನ ಆಚೆಯಿಂದ ತೋಳು ಚಾಚಿ ಎತ್ತಬೇಕು. ಬೆನ್ನೆಲುಬಿನಿಂದ ಬೆನ್ನಿನ ಸ್ನಾಯು ಇರುವುದು ಸುಮಾರು 5 ಸೆಂಟಿಮೀಟರ್ ದೂರದಲ್ಲಿ. ವಸ್ತು 40 ಸೆಂಟಿಮೀಟರ್ ದೂರದಲ್ಲಿದ್ದರೆ ಸನ್ನೆಗೋಲಿನ ಲೆಕ್ಕ ಎಂಟಕ್ಕೆ ಒಂದು. 35 ಕಿಲೋ ಎತ್ತಲು ಸ್ನಾಯು 280 ಕಿಲೋ ತೂಕಕ್ಕೆ ಸಮನಾದ ಬಲ ಹಾಕಬೇಕು. ಅದನ್ನೇ 20 ಸೆಂಟಿಮೀಟರಿಗೆ ತಂದರೆ 140. ಇಬ್ಬರು ಹಂಚಿಕೊಂಡರೆ ತಲಾ 70. ತುಂಬಿದ ಕೊಡವನ್ನು ಕೈ ಚಾಚಿ ಯಾರೂ ಹಿಡಿಯುವುದಿಲ್ಲ, ಸೊಂಟಕ್ಕೆ ಒತ್ತಿಕೊಳ್ಳುತ್ತಾರೆ. ಅದೇ ಲೆಕ್ಕ ಇಲ್ಲಿಯದೂ.

ಇಬ್ಬರೂ ಒಂದೇ ಗಳಿಗೆಗೆ ಎತ್ತದಿದ್ದರೆ ಈ ಹಂಚಿಕೆ ಕೆಲಸ ಮಾಡುವುದಿಲ್ಲ. ಅರೆ ಸೆಕೆಂಡಿನ ಮಟ್ಟಿಗೆ ಇಡೀ ಭಾರ ಒಬ್ಬರ ಮೇಲೆಯೇ ಇರುತ್ತದೆ. ಹಮಾಲರು ಚೀಲ ಎತ್ತುವಾಗ ‘ಐಸಾ’ ಎಂದು ಕೂಗುವುದು ಹುರುಪಿಗೆ ಮಾತ್ರವಲ್ಲ, ಕಾಲ ಹೊಂದಿಸಿಕೊಳ್ಳಲು. ಯಾರು ಕೂಗಬೇಕು ಎಂದು ಎತ್ತುವ ಮುನ್ನವೇ ತೀರ್ಮಾನವಾಗಲಿ.

ಉದ್ದನೆಯ ಕೊಳವೆಗೆ ಎಲ್ಲಿ ಆಸರೆ?

ಕೊಳವೆ ಮತ್ತು ಹಳಿಗಳು ಈ ಯಂತ್ರದ ಅತಿ ಹಗುರವಾದ, ಅತಿ ಸುಲಭವಾಗಿ ಕೆಡುವ ಭಾಗಗಳು. ಸಮನಾದ ದಪ್ಪದ ಒಂದು ಕೊಳವೆಯನ್ನು ಎರಡೂ ತುದಿಗಳಲ್ಲಿ ಮಾತ್ರ ಆಸರೆ ಕೊಟ್ಟು ಮಲಗಿಸಿದರೆ ತನ್ನದೇ ತೂಕಕ್ಕೆ ನಡುವೆ ಜಗ್ಗುತ್ತದೆ. ಆ ಜಗ್ಗು ಉದ್ದದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. ಅಂದರೆ 6 ಅಡಿಯದು ಎಷ್ಟು ಜಗ್ಗುತ್ತದೋ ಅದರ 16 ಪಟ್ಟು 12 ಅಡಿಯದು ಜಗ್ಗುತ್ತದೆ. ನಿಂತಲ್ಲಿ ಅಷ್ಟರಿಂದ ಏನೂ ಆಗಲಿಕ್ಕಿಲ್ಲ. ಗಾಡಿ ಕುಲುಕುವಾಗ ಅದೇ ಜಗ್ಗು ಹಲವು ಪಟ್ಟಾಗಿ ಕೊಳವೆ ಶಾಶ್ವತವಾಗಿ ಬಾಗಬಹುದು.

ಆಸರೆಯನ್ನು ಒಳಕ್ಕೆ ಸರಿಸಿದರೆ ಏನಾಗುತ್ತದೆ? 19ನೇ ಶತಮಾನದಲ್ಲಿ ಅಳತೆಗೋಲುಗಳನ್ನು ಮಾಡುತ್ತಿದ್ದವರಿಗೆ ಈ ಪ್ರಶ್ನೆ ಎದುರಾಗಿತ್ತು. ಜರ್ಮನಿಯ ಬೆಸೆಲ್, ಇಂಗ್ಲೆಂಡಿನ ಏರಿ ಇಬ್ಬರೂ ಖಗೋಳ ವಿಜ್ಞಾನಿಗಳು. ಇಬ್ಬರೂ ಈ ಲೆಕ್ಕ ಮಾಡಿದರು. ಒಂದು ಮೀಟರ್ ಎಂದರೆ ಎಷ್ಟು ಎಂದು ಜಗತ್ತಿಗೆ ಹೇಳುತ್ತಿದ್ದ ಪ್ಯಾರಿಸ್ಸಿನ ಪ್ಲಾಟಿನಂ–ಇರಿಡಿಯಂ ಸರಳನ್ನು ಎಲ್ಲಿ ಆಸರೆ ಕೊಟ್ಟು ಮಲಗಿಸಬೇಕು ಎಂಬುದು 1927ರ ವ್ಯಾಖ್ಯೆಯಲ್ಲೇ ಸೇರಿತ್ತು: 571 ಮಿಲಿಮೀಟರ್ ಅಂತರದ ಎರಡು ಉರುಳೆಗಳ ಮೇಲೆ.

ನಮಗೆ ಬೇಕಾದ ಉತ್ತರ ಸರಳ. ಉದ್ದದ ಶೇಕಡಾ 22ರಷ್ಟು ಎರಡೂ ತುದಿಯಿಂದ ಒಳಗೆ ಬಂದು ಆಸರೆ ಕೊಟ್ಟರೆ ಜಗ್ಗು ಅತಿ ಕಡಿಮೆ. ತುದಿಗಳಲ್ಲಿ ಆಸರೆ ಕೊಟ್ಟಾಗಿನ ಸುಮಾರು ಐವತ್ತನೇ ಒಂದು ಪಾಲು. ನಮ್ಮ 366 ಸೆಂಟಿಮೀಟರ್ ಕೊಳವೆಗೆ ಅದು ಪ್ರತಿ ತುದಿಯಿಂದ 80 ಸೆಂಟಿಮೀಟರ್ ಒಳಗೆ. ಅಲ್ಲೆರಡು ಮರದ ತುಂಡು, ಅದರ ಮೇಲೆ ದಪ್ಪ ಬಟ್ಟೆ. ಹೊತ್ತೊಯ್ಯುವ ಇಬ್ಬರೂ ಹಿಡಿಯಬೇಕಾದದ್ದು ಅಲ್ಲೇ. ಮೀಟರಿನ ಸರಳಿಗೆ ಹೊಂದಿದ ಲೆಕ್ಕ ಕೌದಿಯ ಕೊಳವೆಗೂ ಹೊಂದುತ್ತದೆ.

ಗಾಡಿಯೊಳಗಿನ ಭೌತವಿಜ್ಞಾನ

ಟಾಟಾ ಏಸಿನ ಬಾಡಿ ಉದ್ದ ಏಳು ಅಡಿಯ ಆಸುಪಾಸು. 12 ಅಡಿಯ ಹಳಿಯನ್ನು ಅದರಲ್ಲಿ ಹಾಕಿದರೆ ಐದು ಅಡಿ ಹೊರಕ್ಕೆ ಚಾಚುತ್ತದೆ. ಆಸರೆಯಿಲ್ಲದ ಆ ಐದು ಅಡಿ ಪ್ರತಿ ಹಂಪಿಗೂ ಚಾಟಿಯ ಹಾಗೆ ಬೀಸುತ್ತದೆ. ಹಿಂದೆ ಬರುವ ಬೈಕಿನವರಿಗೆ ಅದು ಯಮ. ನೂರಿನ್ನೂರು ರೂಪಾಯಿ ಉಳಿಸುವ ಜಾಗ ಇದಲ್ಲ. 14 ಅಡಿಯ ಬಾಡಿ ಇರುವ ಐಷರಿನಂಥ ಗಾಡಿಯನ್ನೇ ಕರೆಸಿ.

ಗಾಡಿಯೊಳಗೆ ವಸ್ತುವನ್ನು ಹಿಡಿದಿಡುವುದು ಘರ್ಷಣೆ. ಚಾಲಕ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗುರುತ್ವದ ಶೇಕಡಾ 60ರಷ್ಟು ಬಲ ವಸ್ತುವನ್ನು ಮುಂದಕ್ಕೆ ದೂಡುತ್ತದೆ ಎಂದಿಟ್ಟುಕೊಳ್ಳಿ. 35 ಕಿಲೋ ತಲೆಯ ಪಾಲಿಗೆ ಅದು 21 ಕಿಲೋ ತೂಕದಷ್ಟು ಬಲ. ಲೋಹದ ತಳ ಲೋಹದ ಬಾಡಿಯ ಮೇಲೆ ನೇರವಾಗಿ ಕೂತಿದ್ದರೆ ಘರ್ಷಣೆ ತಡೆಯುವುದು ತಲೆಯ ತೂಕದ ಸುಮಾರು ನಾಲ್ಕನೇ ಒಂದು ಪಾಲು, ಅಂದರೆ 9 ಕಿಲೋ. ಬಾಕಿ 12 ಕಿಲೋ ಬಲಕ್ಕೆ ತಲೆ ಮುಂದಕ್ಕೆ ಜಾರುತ್ತದೆ. ಅಡಿಗೆ ಒಂದು ರಬ್ಬರ್ ಮ್ಯಾಟ್ ಹಾಕಿದರೆ ಘರ್ಷಣೆ ದುಪ್ಪಟ್ಟಿಗೂ ಮಿಕ್ಕಿ ಏರುತ್ತದೆ; ಜಾರುವಿಕೆ ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ. ಇದರ ಮೇಲೆ ಬೆಲ್ಟ್ ಬಿಗಿಯಬೇಕು. ಬೆಲ್ಟು ಎರಕದ ಮೈಯ ಮೇಲೆ ಹಾಯಲಿ. ತೋಳಿನ ತುದಿಗೆ, ಹಿಡಿಕೆಗೆ, ಹಳಿಗಳಿಗೆ ಬಿಗಿಯಬೇಡಿ. ರ‍್ಯಾಚೆಟ್ ಬೆಲ್ಟಿನ ಒಂದು ಸಣ್ಣ ಹಿಡಿಕೆಗೆ ಅಲ್ಯೂಮಿನಿಯಂ ಹಳಿಯನ್ನು ಬಾಗಿಸುವ ಶಕ್ತಿ ಇದೆ.

ಈಗ ಹಂಪು. ‘ಕೆಳಗೆ ಒಂದು ಹಾಸಿಗೆ ಹಾಕಿಬಿಡಿ, ಏನೂ ಆಗಲ್ಲ’ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಮೆತ್ತಗಿದ್ದಷ್ಟೂ ಒಳ್ಳೆಯದು ಎಂಬುದು ನಂಬಿಕೆ. ವಿಜ್ಞಾನ ಹೇಳುವುದು ತುಸು ಬೇರೆ. ಫೋಮಿನ ಮೇಲೆ ಕೂತ ಭಾರ ಸ್ಪ್ರಿಂಗಿನ ಮೇಲೆ ಕೂತ ಭಾರವಿದ್ದಂತೆ. ಅದಕ್ಕೆ ಸಹಜವಾದ ಒಂದು ಆವರ್ತನ ಇರುತ್ತದೆ. ಅದನ್ನು ಕಂಡುಹಿಡಿಯಲು ಯಾವ ಉಪಕರಣವೂ ಬೇಡ. ಭಾರ ಇಟ್ಟಾಗ ಫೋಮು ಎಷ್ಟು ಸೆಂಟಿಮೀಟರ್ ಕುಗ್ಗಿತು ಎಂದು ನೋಡಿ, ಅದರ ವರ್ಗಮೂಲದಿಂದ ಐದನ್ನು ಭಾಗಿಸಿದರೆ ಸೆಕೆಂಡಿಗೆ ಎಷ್ಟು ಬಾರಿ ಕುಲುಕುತ್ತದೆ ಎಂಬುದು ಅಂದಾಜಾಗಿ ಸಿಗುತ್ತದೆ. ಒಂದು ಸೆಂಟಿಮೀಟರ್ ಕುಗ್ಗಿದರೆ ಸೆಕೆಂಡಿಗೆ 5 ಬಾರಿ. ಒಂದೇ ಮಿಲಿಮೀಟರ್ ಕುಗ್ಗಿದರೆ ಸುಮಾರು 16 ಬಾರಿ. ನಾಲ್ಕು ಸೆಂಟಿಮೀಟರ್ ಕುಗ್ಗುವ ಹಾಸಿಗೆಯಲ್ಲಿ ಎರಡೂವರೆ ಬಾರಿ.

ಇತ್ತ ಗಾಡಿಯೂ ಕುಲುಕುತ್ತಿರುತ್ತದೆ. ಅದರ ಬಾಡಿ ಪಾಟಾಗಳ ಮೇಲೆ ಸೆಕೆಂಡಿಗೆ ಒಂದರಿಂದ ಮೂರು ಬಾರಿ ಏರಿಳಿಯುತ್ತದೆ. ಚಕ್ರ ಮತ್ತು ಆಕ್ಸಲು ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ. ನಮ್ಮ ಹಾಸಿಗೆಯ ಎರಡೂವರೆ ಗಾಡಿಯ ಏರಿಳಿತಕ್ಕೆ ಸರಿಯಾಗಿ ಕೂಡಿಕೊಳ್ಳುತ್ತದೆ. ತಲೆ ಗಾಡಿಗಿಂತ ಜೋರಾಗಿ ಕುಣಿಯುತ್ತದೆ. ಒಂದೇ ಮಿಲಿಮೀಟರ್ ಕುಗ್ಗುವ ಗಟ್ಟಿ ತೆಳು ಶೀಟಿನ 16 ಆಕ್ಸಲಿನ ಅದುರುವಿಕೆಗೆ ಹತ್ತಿರ. ಒಂದು ಸೆಂಟಿಮೀಟರಿನಷ್ಟು ಕುಗ್ಗುವ ಗಟ್ಟಿ ಫೋಮು ಎರಡರ ನಡುವೆ ನಿಲ್ಲುತ್ತದೆ. ಸೆಕೆಂಡಿಗೆ ಏಳಕ್ಕಿಂತ ವೇಗದ ಅದುರನ್ನು ಅದು ತಗ್ಗಿಸುತ್ತದೆ. ಸ್ಕ್ರೂಗಳನ್ನು ಸಡಿಲಿಸುವುದು ಮುಖ್ಯವಾಗಿ ಆ ವೇಗದ ಅದುರು. ನಿಧಾನದ ಏರಿಳಿತಕ್ಕೆ ಫೋಮಿನಲ್ಲಿ ಮದ್ದಿಲ್ಲ, ಚಾಲಕನ ಕಾಲಿನಲ್ಲಿದೆ. ಹಂಪಿನಲ್ಲಿ ಅರ್ಧ ವೇಗಕ್ಕೆ ಇಳಿದರೆ ಏಟಿನ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ‘ಅಣ್ಣಾ, ಹಂಪಲ್ಲಿ ನಿಧಾನ’ ಎಂದು ಹೊರಡುವ ಮುನ್ನ ಹೇಳಿದ ಮಾತಿಗೆ ಯಾವ ಫೋಮಿಗಿಂತಲೂ ಬೆಲೆ ಹೆಚ್ಚು.

ತಲೆ ನೆಟ್ಟಗೆ, ತನ್ನ ತಳದ ಮೇಲೇ ಕೂತಿರಬೇಕು. ಮಗ್ಗುಲಿಗೆ ಮಲಗಿಸಿದರೆ ಎಣ್ಣೆ ಹೋಗಬಾರದ ಕಡೆ ಹೋಗುತ್ತದೆ. ಉದ್ದ ತೋಳಿನ ಭಾರ ಅದಕ್ಕೆ ಅಭ್ಯಾಸವಿಲ್ಲದ ದಿಕ್ಕಿನಲ್ಲಿ ಬೀಳುತ್ತದೆ.

ಮಲೆನಾಡಿನ ಗಾಳಿ

ಭದ್ರಾ ಹಿನ್ನೀರಿನ ಪಕ್ಕದ ಊರಿಗೆ ಜುಲೈನಲ್ಲಿ ಯಂತ್ರ ಒಯ್ಯುವವರು ತೇವದ ಲೆಕ್ಕವನ್ನೂ ಮಾಡಬೇಕು. ಟಾರ್ಪಾಲು ಮಳೆಯನ್ನು ತಡೆಯುತ್ತದೆ, ಗಾಳಿಯಲ್ಲಿರುವ ನೀರನ್ನಲ್ಲ. ಎಸಿ ಹಾಕಿದ ಅಂಗಡಿಯಲ್ಲಿ 22 ಡಿಗ್ರಿಯಲ್ಲಿದ್ದ ಯಂತ್ರ, 28 ಡಿಗ್ರಿ ಬಿಸಿ ಮತ್ತು ಶೇಕಡಾ 85 ಆರ್ದ್ರತೆಯ ಗಾಳಿಗೆ ತೆರೆದುಕೊಂಡಿತು ಎನ್ನಿ. ಅಂಥ ಗಾಳಿಯ ಇಬ್ಬನಿ ಬಿಂದು 25 ಡಿಗ್ರಿ. ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯ ಮೇಲಾದರೂ ನೀರು ಹನಿಗಟ್ಟುತ್ತದೆ. ಎರಕದ ಮೈಯ ಮೇಲಿನ ಹನಿಯನ್ನು ಒರೆಸಬಹುದು. ಒಳಗಿನ ಕೊಕ್ಕೆಯ ಮೇಲೆ, ಎಲೆಕ್ಟ್ರಾನಿಕ್ ಬೋರ್ಡಿನ ಮೇಲೆ ಕೂತದ್ದು ಕಣ್ಣಿಗೇ ಕಾಣುವುದಿಲ್ಲ.

ಉಪಾಯ ಕಷ್ಟದ್ದಲ್ಲ. ಅಂಗಡಿಯೊಳಗೇ, ತಣ್ಣಗಿರುವಾಗಲೇ, ತಲೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಟಿಸಿಬಿಡಿ. ಹೊಸ ಮನೆ ಮುಟ್ಟಿದ ಮೇಲೆ ಪ್ಲಾಸ್ಟಿಕ್ ಬಿಚ್ಚದೆ ಕೆಲವು ಗಂಟೆ ಬಿಡಿ. ಹನಿ ಕೂರುವುದಾದರೆ ಪ್ಲಾಸ್ಟಿಕ್ಕಿನ ಹೊರಮೈಯ ಮೇಲೆ ಕೂರುತ್ತದೆ. 35 ಕಿಲೋ ಲೋಹ ಬೇಗ ಬಿಸಿಯಾಗುವುದಿಲ್ಲ. ಸಂಜೆ ಬಂದದ್ದನ್ನು ಬೆಳಿಗ್ಗೆ ಬಿಚ್ಚುವುದೇ ಸರಿ.

ಮಟ್ಟ ಮಾಡುವುದು

ಜೋಡಣೆ ಎಂದರೆ ಬಿಚ್ಚಿದ್ದರ ಹಿಂದುಮುಂದು. ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗುವಷ್ಟೇ ಹಾಕಿ, ಕರ್ಣಗಳು ಪುಸ್ತಕದಲ್ಲಿ ಬರೆದಿಟ್ಟ ಸಂಖ್ಯೆಗೆ ಬಂದ ಮೇಲೆ ಬಿಗಿಯಬೇಕು. ಒಂದು ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ಆ ಮೂಲೆಯ ತಪ್ಪು ಉಳಿದ ಮೂರಕ್ಕೂ ಹೋಗುತ್ತದೆ.

ಆಮೇಲೆ ಮಟ್ಟ. ಒಳ್ಳೆಯ ಬೇರಿಂಗ್ ಗಾಲಿ ಹಳಿಯ ಮೇಲೆ ಉರುಳಲು ಅದರ ಮೇಲಿನ ಭಾರದ ಸಾವಿರದಲ್ಲಿ ಮೂರು ಪಾಲು ಬಲ ಸಾಕು ಎಂದುಕೊಳ್ಳಿ. ನಮ್ಮ ತಲೆಗೆ ಅದು ನೂರು ಗ್ರಾಂ ತೂಕದಷ್ಟು. ಬೆರಳಿನಲ್ಲಿ ನಡೆಸಿ ಹೂವಿನ ಚಿತ್ತಾರ ಹೊಲಿಯಲು ಸಾಧ್ಯವಾಗುವುದೇ ಇದರಿಂದ. ಆದರೆ ಇದೇ ಕಾರಣಕ್ಕೆ ಹಳಿ ಸಾವಿರಕ್ಕೆ ಮೂರರಷ್ಟು ಇಳಿಜಾರಾಗಿದ್ದರೂ ತಲೆ ತಾನೇ ಉರುಳುತ್ತದೆ. 12 ಅಡಿಯಲ್ಲಿ ಅದು ಬರೀ 11 ಮಿಲಿಮೀಟರ್. ಎಡಕ್ಕೆ ಸಲೀಸು, ಬಲಕ್ಕೆ ಬಿಗಿ ಎಂಬಂತಾದರೆ ವೃತ್ತ ಹೊಲಿಯಲು ಹೋದವರಿಗೆ ಮೊಟ್ಟೆ ಸಿಗುತ್ತದೆ. ನೀರು ಹರಿದುಹೋಗಲೆಂದು ಬಚ್ಚಲಿನ ಕಡೆಗೆ ಇಳಿಜಾರು ಕೊಟ್ಟ ಹಳೆಯ ರೆಡ್ ಆಕ್ಸೈಡ್ ನೆಲದಲ್ಲಿ 11 ಮಿಲಿಮೀಟರ್ ಏನೇನೂ ಅಲ್ಲ.

ಮೇಸ್ತ್ರಿಗಳ ಬಳಿ ಎರಡು ಸಾಧನ ಇರುತ್ತವೆ: ರಸಮಟ್ಟ ಮತ್ತು ನೀರು ತುಂಬಿದ ಲೆವೆಲ್ ಪೈಪು. ಒಂದು ಅಡಿಯ ರಸಮಟ್ಟವನ್ನು ಹನ್ನೆರಡು ಸಲ ಇಟ್ಟು ನೋಡಿದರೆ ಪ್ರತಿ ಸಲದ ಸಣ್ಣ ತಪ್ಪು ಕೂಡುತ್ತ ಹೋಗುತ್ತದೆ. ಪಾರದರ್ಶಕ ಪೈಪಿನಲ್ಲಿ ಹಾಗಾಗುವುದಿಲ್ಲ. ಎರಡೂ ತುದಿಯ ನೀರಿನ ಮೇಲೆ ಒಂದೇ ವಾಯುಭಾರ ಬೀಳುವುದರಿಂದ, ಪೈಪು ನಡುವೆ ಹೇಗೇ ಸುತ್ತಿಕೊಂಡಿರಲಿ, ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ದೂರ 12 ಅಡಿಯಾದರೂ 60 ಅಡಿಯಾದರೂ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಓದಬಹುದು. ಒಳಗೆ ಗಾಳಿಯ ಗುಳ್ಳೆ ಇಲ್ಲದ ಹಾಗೆ ನೋಡಿಕೊಂಡರೆ ಆಯಿತು. ಗುಳ್ಳೆ ಇದ್ದರೆ ಆ ಬದಿಯ ನೀರಿನ ಕಂಬ ಹಗುರಾಗಿ ಲೆಕ್ಕ ತಪ್ಪುತ್ತದೆ.

ಕಾಲುಗಳನ್ನು ತಿರುಗಿಸುವುದಕ್ಕೂ ಕ್ರಮವಿದೆ. ಮೂರು ಕಾಲಿನ ವಸ್ತು ಯಾವ ನೆಲದಲ್ಲೂ ಅಲುಗದೆ ಕೂರುತ್ತದೆ. ನಾಲ್ಕನೆಯದು ಬಂದೊಡನೆ ಒಂದು ಕಾಲು ಗಾಳಿಯಲ್ಲಿ ನಿಲ್ಲಬಹುದು. ಮೊದಲು ನಾಲ್ಕು ಮೂಲೆಗಳನ್ನು ಪೈಪಿನಿಂದ ಒಂದೇ ಮಟ್ಟಕ್ಕೆ ತನ್ನಿ, ಆಮೇಲೆ ನಡುವಿನ ಕಾಲುಗಳನ್ನು ನೆಲಕ್ಕೆ ತಾಗುವಷ್ಟು ಇಳಿಸಿ. ನಡುವಿನದನ್ನು ಮೊದಲೇ ಎತ್ತಿದರೆ ಹಳಿ ಬಿಲ್ಲಿನಂತೆ ಬಾಗುತ್ತದೆ. ಎಲ್ಲ ಮುಗಿದ ಮೇಲೆ ತಲೆಯನ್ನು ಹಳಿಗೇರಿಸಿ, ನಡುವೆ ನಿಲ್ಲಿಸಿ, ಕೈ ಬಿಡಿ. ಅದು ನಿಂತಲ್ಲೇ ನಿಲ್ಲಬೇಕು. ಎರಡು ತುದಿಗಳಲ್ಲೂ ಇದೇ ಪರೀಕ್ಷೆ ಮಾಡಿ.

ಮೊದಲ ಹೊಲಿಗೆಗೆ ಮುನ್ನ

ಪ್ಲಗ್ ಹಾಕುವ ಮೊದಲು ಯಂತ್ರದ ಹಿಂದಿನ ತಗಡಿನ ಪಟ್ಟಿ ಓದಿ. ಅಮೆರಿಕದಿಂದ ನೇರವಾಗಿ ಬಂದ ಯಂತ್ರ 120 ವೋಲ್ಟಿನದಾಗಿರಬಹುದು. ನಮ್ಮ ಮನೆಯದು 230 ವೋಲ್ಟ್. ಅಂಗಡಿಯಲ್ಲಿ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಅದೂ ಗಾಡಿ ಏರಿದೆಯೇ ನೋಡಿ. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸಿಕೊಳ್ಳಿ. ಇಡೀ ಚೌಕಟ್ಟು ಲೋಹದ್ದು, ನಾವು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಲಸ ಮಾಡುವವರು.

ಕರೆಂಟು ಕೊಡದೆ, ಸೂಜಿ ಹಾಕಿ, ಕೈಚಕ್ರವನ್ನು ನಿಧಾನಕ್ಕೆ ಕೆಲವು ಸುತ್ತು ತಿರುಗಿಸಿ. ಕೊಕ್ಕೆ ಸೂಜಿಗೆ ತಾಗಿದರೆ ಕೈಗೆ ಗೊತ್ತಾಗುತ್ತದೆ, ಕಿವಿಗೂ ಕೇಳುತ್ತದೆ. ಮೋಟರಿಗೆ ಅದು ಗೊತ್ತಾಗುವ ಹೊತ್ತಿಗೆ ಸೂಜಿ ಎರಡು ತುಂಡಾಗಿರುತ್ತದೆ. ಅಡ್ಡಿ ಸಿಕ್ಕರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಯಿರಿ. ಸಲೀಸಾಗಿ ತಿರುಗಿದರೆ ಅಂಗಡಿಯಲ್ಲಿ ಹೊಲಿದಿಟ್ಟ ಅದೇ ಮಾದರಿಯನ್ನು ಮತ್ತೆ ಹೊಲಿದು ಪಕ್ಕಪಕ್ಕ ಇಟ್ಟು ನೋಡಿ.

ಲಾಂಗ್‌ಆರ್ಮ್ ನಮ್ಮ ಕಡೆ ಅಪರೂಪ. ಆದರೆ ರವಿಕೆಗೆ ಕಂಪ್ಯೂಟರ್ ಎಂಬ್ರಾಯ್ಡರಿ ಹಾಕುವ ಯಂತ್ರ, ಪವರ್‌ಲೂಮ್ ಮಗ್ಗ, ಬಡಗಿಯ ಪ್ಲೇನರ್, ಕಾಲೇಜಿನ ಲ್ಯಾಬಿನ ಉಪಕರಣ ಎಲ್ಲವೂ ಮನೆ, ಅಂಗಡಿ, ಊರು ಬದಲಿಸುತ್ತಲೇ ಇರುತ್ತವೆ. ಅವುಗಳಿಗೂ ಲೆಕ್ಕ ಇದೇ. ಮುಂದಿನ ಸಲ ಯಾವುದೇ ಯಂತ್ರ ಬಿಚ್ಚುವ ಮುನ್ನ ಒಂದು ಟೇಪು, ಒಂದು ಪುಸ್ತಕ, ಒಂದು ಲೆವೆಲ್ ಪೈಪು ತರಿಸಿಕೊಳ್ಳಿ. ಎರಡು ಕರ್ಣ ಅಳೆದು, ತಾರೀಖು ಹಾಕಿ, ಬರೆದಿಡಿ. ಗಾಡಿಗೆ ಫೋನು ಮಾಡುವುದು ಆಮೇಲೆ.